ತಾರಸಿ ಅಳೆಯುವ ಮುಂಚೆ ಕರೆಂಟ್ ಬಿಲ್ ಓದಿ

ಹಾಸನದಲ್ಲಿ "ನಿಮ್ಮನೇಲಿ ಸೋಲಾರ್ ಇದ್ಯಾ?" ಅಂತ ಕೇಳಿದರೆ ಈಗಲೂ ಹೆಚ್ಚಿನವರು ಸ್ನಾನದ ಬಿಸಿನೀರಿನ ಲೆಕ್ಕದಲ್ಲೇ ಉತ್ತರ ಕೊಡುತ್ತಾರೆ. "ಇದೆ, ಆದ್ರೆ ಮಳೆಗಾಲದಲ್ಲಿ ನೀರು ಕಾಯಲ್ಲ." ಕರೆಂಟ್ ಕೊಡುವ ಸೋಲಾರ್ ಮನೆಮಾತಾಗಿದ್ದು 2024ರ ಫೆಬ್ರುವರಿಯಲ್ಲಿ ಮನೆ ತಾರಸಿಯ ಸೋಲಾರಿಗೆ ಸಬ್ಸಿಡಿ ಕೊಡುವ ಕೇಂದ್ರದ ಪಿಎಂ ಸೂರ್ಯಘರ್ ಯೋಜನೆ ಬಂದ ಮೇಲೆ. ಅಲ್ಲಿಂದ ಮುಂದೆ ನನಗೆ ಬರುವ ಫೋನುಗಳೆಲ್ಲ ಒಂದೇ ಥರ: "ನಮ್ಮ ತಾರಸಿ ಮೂವತ್ತಕ್ಕೆ ನಲವತ್ತು, ಎಷ್ಟು ಕಿಲೋವ್ಯಾಟ್ ಹಾಕಿಸಬಹುದು?"

ಪ್ರಶ್ನೆಯೇ ತಲೆಕೆಳಗು. ಮೂವತ್ತು ನಲವತ್ತರ ತಾರಸಿಯಲ್ಲಿ ಹತ್ತು ಕಿಲೋವ್ಯಾಟ್ ಬೇಕಾದರೂ ಕೂರುತ್ತದೆ. ಎಷ್ಟು ಹಿಡಿಸುತ್ತದೆ ಅನ್ನುವುದಕ್ಕಿಂತ ಎಷ್ಟು ಬೇಕು ಅನ್ನುವುದು ಮುಖ್ಯ. ಅದನ್ನು ಹೇಳುವುದು ತಾರಸಿಯಲ್ಲ, ಮೀಟರ್ ರೀಡರ್ ಗೇಟಿಗೆ ಸಿಕ್ಕಿಸಿ ಹೋಗುವ ಆ ಉದ್ದನೆಯ ಚೀಟಿ. ಹಾಸನದವರಿಗೆ ಅದು ಸೆಸ್ಕ್‌ನ ಬಿಲ್, ಚಿಕ್ಕಮಗಳೂರಿನವರಿಗೆ ಮೆಸ್ಕಾಂನದು. ಬಾಯಲ್ಲಿ ಮಾತ್ರ ಎರಡೂ ಕಡೆ ಇನ್ನೂ ಕೆಇಬಿಯೇ.

ಬಿಲ್ ಕೈಗೆತ್ತಿಕೊಳ್ಳುವ ಮುಂಚೆ ಒಂದು ಮಾತು. ಕಿಲೋವ್ಯಾಟ್ ಬೇರೆ, ಯೂನಿಟ್ ಬೇರೆ. ಕಿಲೋವ್ಯಾಟ್ ಅಂದರೆ ನಲ್ಲಿ ಎಷ್ಟು ದಪ್ಪ ಅನ್ನುವುದು, ಯೂನಿಟ್ ಅಂದರೆ ಕೊಡಕ್ಕೆ ಎಷ್ಟು ನೀರು ಬಿತ್ತು ಅನ್ನುವುದು. ಒಂದು ಕಿಲೋವ್ಯಾಟ್ ಒಂದು ಗಂಟೆ ಹರಿದರೆ ಒಂದು ಯೂನಿಟ್. 2,000 ವ್ಯಾಟ್‌ನ ಗೀಸರ್ ದಿನಕ್ಕೆ ಒಂದು ಗಂಟೆ ಉರಿದರೆ ಎರಡು ಯೂನಿಟ್, ತಿಂಗಳಿಗೆ ಅರವತ್ತು. ಈ ಅರವತ್ತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಮ್ಮ ಬೀದಿಯಲ್ಲೇ ಇರುವ ನಿವೃತ್ತ ಮೇಷ್ಟ್ರೊಬ್ಬರು ಹೋದ ವರ್ಷ ಕೊಟೇಶನ್ ಹಿಡಿದು ಬಂದರು. ಮೂರು ಕಿಲೋವ್ಯಾಟ್, ಎರಡು ಲಕ್ಷ, ಸಬ್ಸಿಡಿ ಕಳೆದು 1,22,000. "ಹಾಕಿಸ್ಲೇನಪ್ಪ?" ಅಂದರು. ಬಿಲ್ ತರಿಸಿ ನೋಡಿದೆ. ತಿಂಗಳಿಗೆ 125 ಯೂನಿಟ್, ಕಟ್ಟಬೇಕಾದ ಮೊತ್ತ ಸೊನ್ನೆ. ಗೃಹಜ್ಯೋತಿ. "ಸಾರ್, ಸೊನ್ನೆಯಿಂದ ಏನನ್ನು ಕಳೆಯೋದು?" ಅಂದೆ. ನಕ್ಕರು, ಆದರೆ ಪೂರ್ತಿ ಒಪ್ಪಲಿಲ್ಲ. "ಮಿಕ್ಕಿದ್ದನ್ನ ಅವರೇ ಕೊಂಡ್ಕೋತಾರಂತಲ್ಲ?"

ಕೆಇಬಿಯವರು ಕೊಂಡುಕೊಳ್ಳುತ್ತಾರೆ, ನಿಜ. ಆದರೆ ಸಬ್ಸಿಡಿ ಪಡೆದ ಮನೆಯಿಂದ ಹೋಗುವ ಹೆಚ್ಚುವರಿ ಯೂನಿಟ್‌ಗೆ ಮೂರು ರೂಪಾಯಿಯ ಒಳಗೇ ಸಿಗುವುದು. ನಾನು ಎರಡೂವರೆ ಹಿಡಿದು ಲೆಕ್ಕ ಹಾಕುತ್ತೇನೆ. ಮೂರು ಕಿಲೋವ್ಯಾಟ್‌ನಲ್ಲಿ ವರ್ಷಕ್ಕೆ ಬರುವ 3,900 ಚಿಲ್ಲರೆ ಯೂನಿಟ್ ಅಷ್ಟನ್ನೂ ಮಾರಿದರೂ ಹತ್ತು ಸಾವಿರ ದಾಟುವುದಿಲ್ಲ. ಹಾಕಿದ ದುಡ್ಡು ಹುಟ್ಟಲು ಹನ್ನೆರಡು ವರ್ಷ, ಅಷ್ಟರಲ್ಲಿ ಪ್ಯಾನಲ್ ಕರೆಂಟನ್ನು ಮನೆ ಕರೆಂಟಾಗಿ ಬದಲಿಸುವ ಇನ್ವರ್ಟರ್ ಒಮ್ಮೆ ಕೈಕೊಟ್ಟಿರುತ್ತದೆ. ಆ ದುಡ್ಡು ಬ್ಯಾಂಕಿನಲ್ಲೇ ಇರಲಿ ಅಂದೆ.

ಕರ್ನಾಟಕದಲ್ಲಿ ಮನೆ ಸೋಲಾರ್ ಲೆಕ್ಕ ಶುರುವಾಗಬೇಕಾದ್ದೇ ಇಲ್ಲಿಂದ. ಬೇರೆ ರಾಜ್ಯದವರು ಮಾಡಿದ ವಿಡಿಯೊ ನೋಡಿ ಲೆಕ್ಕ ಹಾಕಿದರೆ ಎಡವುವುದೂ ಇಲ್ಲೇ. ಗೃಹಜ್ಯೋತಿ 2023ರಲ್ಲಿ ಜಾರಿಗೆ ಬಂದಾಗ ಪ್ರತಿ ಮನೆಗೂ ಒಂದು ಮಿತಿ ಗೊತ್ತಾಯಿತು: 2022-23ರಲ್ಲಿ ನೀವು ಬಳಸಿದ ತಿಂಗಳ ಸರಾಸರಿ, ಅದರ ಮೇಲೆ ಶೇ 10. ಅಷ್ಟರೊಳಗಿದ್ದರೆ ಬಿಲ್ ಇಲ್ಲ. ಮಿತಿ ದಾಟಿ 200ರ ಒಳಗಿದ್ದರೆ ದಾಟಿದ್ದಕ್ಕೆ ಮಾತ್ರ ದುಡ್ಡು. 200 ದಾಟಿದರೆ ಪೂರ್ತಿ ಬಿಲ್. ಅಂದರೆ 200ರ ಗೆರೆಯ ಬಳಿ ಒಂದು ಯೂನಿಟ್‌ನ ಬೆಲೆ ಆರೇಳು ರೂಪಾಯಿಯಲ್ಲ, ಸಾವಿರ ರೂಪಾಯಿಗೂ ಮೇಲೆ.

ಈ ಗೆರೆಯ ಪಕ್ಕದಲ್ಲೇ ಓಡಾಡುವ ಮನೆಗಳು ಬೇಕಾದಷ್ಟಿವೆ. ಮಿತಿ 190 ಚಿಲ್ಲರೆ ಇದೆ, ಬಳಕೆ 215, 220. ಅಂಥವರಿಗೆ ನಾನು ಪ್ಯಾನಲ್ ಹೇಳುವುದಿಲ್ಲ, ಬಚ್ಚಲುಮನೆ ತೋರಿಸುತ್ತೇನೆ. ಆಗ ಹೇಳಿದ ಗೀಸರಿನ ಅರವತ್ತು ಯೂನಿಟ್ ಇಲ್ಲಿ ಕೆಲಸಕ್ಕೆ ಬರುತ್ತದೆ. ತಾರಸಿ ಮೇಲೊಂದು ನೀರು ಕಾಯಿಸುವ ಹಳೇ ಸೋಲಾರ್ ಇಟ್ಟರೆ ಬಿಸಿಲಿರುವ ಎಂಟೊಂಬತ್ತು ತಿಂಗಳು ಬಳಕೆ ಗೆರೆಯ ಕೆಳಕ್ಕೆ ಜಾರುತ್ತದೆ. ಹಿತ್ತಿಲಲ್ಲಿ ತೆಂಗಿನ ಮಟ್ಟೆ, ಸೌದೆ ಇರುವವರಿಗೆ ಹಂಡೆ ಒಲೆಯೂ ಆಯಿತು. ಪ್ಯಾನಲ್ ಮಾರುವವರು ಇದನ್ನು ಹೇಳುವುದಿಲ್ಲ, ಅವರು ಬಂದಿರುವುದು ಅದಕ್ಕಲ್ಲವಲ್ಲ. "ಸೋಲಾರ್ ಹಾಕಿಸಿದ ಮೇಲೂ ಗೃಹಜ್ಯೋತಿ ಸಿಗುತ್ತೆ, ಎರಡೂ ಲಾಭ" ಅಂತ ಯಾರಾದರೂ ಅಂದರೆ ಆ ಲಾಭವನ್ನು ಕಾಗದದ ಮೇಲೆ ಬರೆಯಬೇಡಿ. ಅದಿಲ್ಲದೆಯೂ ಲೆಕ್ಕ ನಿಲ್ಲಬೇಕು.

ಹಾಗಾದರೆ ಯಾರಿಗೆ ಸರಿ? ನಮ್ಮ ಅಕ್ಕನ ಮನೆಗೆ. ಹಾಸನದ ಕುವೆಂಪುನಗರದಲ್ಲಿ ಮೇಲೊಂದು ಕೆಳಗೊಂದು ಮಹಡಿ, ಒಂದೇ ಮೀಟರ್, ಆರು ಜನ, ಎರಡು ಫ್ರಿಜ್, ಸಂಪಿನಿಂದ ನೀರೆತ್ತುವ ಮೋಟರ್. ಹನ್ನೆರಡು ತಿಂಗಳ ಬಿಲ್ ಸಾಲಾಗಿ ಇಟ್ಟು ಕೂಡಿ ಭಾಗಿಸಿದರೆ ತಿಂಗಳಿಗೆ 290 ಯೂನಿಟ್. ಒಂದು ತಿಂಗಳ ಬಿಲ್ ನೋಡಿ ನಿರ್ಧಾರ ಮಾಡಬಾರದು. ಏಪ್ರಿಲ್‌ನಲ್ಲಿ ಫ್ಯಾನು ತಿರುಗುತ್ತದೆ, ಜುಲೈನಲ್ಲಿ ಗೀಸರ್ ಉರಿಯುತ್ತದೆ, ನೆಂಟರು ಬಂದ ತಿಂಗಳಲ್ಲಿ ಎರಡೂ.

ಇನ್ನು ಯೂನಿಟ್ ಬೆಲೆ. 2025-26ರ ದರಪಟ್ಟಿಯಲ್ಲಿ ಮನೆ ಬಳಕೆಗೆ 5.80 ರೂಪಾಯಿ, ಎಷ್ಟು ಬಳಸಿದರೂ ಅದೇ ದರ, ಹಿಂದಿನ ಸ್ಲ್ಯಾಬ್ ಈಗಿಲ್ಲ. ಅದರ ಮೇಲೆ ಶೇ 9 ತೆರಿಗೆ, ನೌಕರರ ಪಿಂಚಣಿಗೆಂದು 36 ಪೈಸೆ. ಕೂಡಿದರೆ 6.70ರ ಹತ್ತಿರ. ಪ್ಯಾನಲ್ ಉಳಿಸಿಕೊಡುವುದು ಇಷ್ಟನ್ನೇ. ಬಿಲ್ಲಿನ ಮೇಲ್ಭಾಗದಲ್ಲಿ ನಿಗದಿತ ಶುಲ್ಕ ಅಂತ ಇನ್ನೊಂದು ಸಾಲಿರುತ್ತದೆ, ಮಂಜೂರಾದ ಲೋಡಿನ ಪ್ರತಿ ಕಿಲೋವ್ಯಾಟ್‌ಗೆ ಇಷ್ಟು ಅಂತ. ಮೂರು ಕಿಲೋವ್ಯಾಟ್ ಲೋಡಿದ್ದರೆ ಅದೇ ತಿಂಗಳಿಗೆ ನಾನೂರರ ಮೇಲಾಗುತ್ತದೆ. ಸೂರ್ಯ ಎಷ್ಟೇ ಕಾದರೂ ಈ ಸಾಲು ಕರಗುವುದಿಲ್ಲ. ಮೇಲಾಗಿ, ಲೋಡಿಗಿಂತ ದೊಡ್ಡ ಸೋಲಾರ್ ಹಾಕಲು ಹೋಗಿ ಲೋಡ್ ಏರಿಸಿದರೆ ಈ ಶುಲ್ಕವೂ ಏರುತ್ತದೆ. "ಬಿಲ್ ಪೂರ್ತಿ ಸೊನ್ನೆ ಆಗುತ್ತೆ" ಅನ್ನುವವರಿಗೆ ಈ ಸಾಲಿನ ಮೇಲೆ ಬೆರಳಿಟ್ಟು ತೋರಿಸಿ.

ಈಗ ಬಿಸಿಲಿನ ವಿಷಯ. ಅಕ್ಕನ ಮನೆಗೆ ಬೆಂಗಳೂರಿನಿಂದ ಬಂದಿದ್ದ ಒಬ್ಬ ಮಾರಾಟದ ಹುಡುಗ ಐದು ಕಿಲೋವ್ಯಾಟ್ ಹಾಕಿಸಿ, ದಿನಕ್ಕೆ 25 ಯೂನಿಟ್, ನಾಲ್ಕು ವರ್ಷಕ್ಕೆ ದುಡ್ಡು ವಾಪಸ್ ಅಂದ. ಭಾವ ಆಗಲೇ ಅರ್ಧ ಒಪ್ಪಿಬಿಟ್ಟಿದ್ದರು. ಕಿಲೋವ್ಯಾಟ್‌ಗೆ ದಿನಕ್ಕೆ ಐದು ಯೂನಿಟ್ ಬರುವುದು ಹಾಸನದಲ್ಲಿ ಇಲ್ಲವೇ ಇಲ್ಲ ಅಂತಲ್ಲ, ಮಾರ್ಚ್‌ನ ಒಳ್ಳೆಯ ದಿನ ಬರುತ್ತದೆ. ಅದನ್ನು 365ರಿಂದ ಗುಣಿಸಿದ್ದು ತಪ್ಪು. ಜುಲೈ ತಿಂಗಳಲ್ಲಿ ಹಾಸನದ ಆಕಾಶ ನೋಡಿದ ಯಾರೂ ಹಾಗೆ ಗುಣಿಸುವುದಿಲ್ಲ.

ನನ್ನ ಅಂದಾಜು ಹೀಗಿದೆ. ಒಂದು ಕಿಲೋವ್ಯಾಟ್‌ಗೆ ಜನವರಿಯಲ್ಲಿ 125 ಯೂನಿಟ್, ಫೆಬ್ರುವರಿಯಲ್ಲಿ 130, ಮಾರ್ಚ್‌ನಲ್ಲಿ 145, ಏಪ್ರಿಲ್‌ನಲ್ಲಿ 130, ಮೇನಲ್ಲಿ 120. ಜೂನ್‌ನಲ್ಲಿ ದಬಕ್ಕನೆ 85, ಜುಲೈನಲ್ಲಿ 70, ಆಗಸ್ಟ್‌ನಲ್ಲಿ 80. ಸೆಪ್ಟೆಂಬರ್‌ನಿಂದ ನಿಧಾನಕ್ಕೆ 100, 105, 105, 110. ವರ್ಷಕ್ಕೆ 1,305. ಕರ್ನಾಟಕದ ಬಯಲುಸೀಮೆಗೆ 1,400, 1,500 ಅಂತ ಹೇಳುವುದುಂಟು. ನಾನು ಬೇಕೆಂದೇ ಕಡಿಮೆ ಹಿಡಿದಿದ್ದೇನೆ. ಹೆಚ್ಚು ಬಂದರೆ ಯಾರೂ ಬೈಯುವುದಿಲ್ಲ. ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆಯವರು ಇನ್ನೂ ಇಳಿಸಿ 1,100 ಹಿಡಿಯಲಿ. ಅರಸೀಕೆರೆ, ಕಡೂರಿನವರು 1,400 ಹಿಡಿದರೂ ತಪ್ಪಿಲ್ಲ. ಒಂದೇ ಜಿಲ್ಲೆಯೊಳಗೆ ಇಷ್ಟು ಅಂತರ ಇರುವಾಗ ಇಡೀ ದೇಶಕ್ಕೊಂದೇ ಸಂಖ್ಯೆ ಕೊಡುವ ಕ್ಯಾಲ್ಕುಲೇಟರ್ ನಂಬುವುದು ಹೇಗೆ?

ನಮ್ಮ ಕಡೆಗೊಂದು ಅನುಕೂಲವೂ ಇದೆ. ಬಿಸಿಲಿನ ಸೆಕೆ ಹೆಚ್ಚಿದಷ್ಟೂ ಕರೆಂಟ್ ಹೆಚ್ಚು ಅಂತ ಜನ ತಿಳಿದಿದ್ದಾರೆ. ಪ್ಯಾನಲ್‌ಗೆ ಬೇಕಾಗಿರುವುದು ಬೆಳಕು, ಸೆಕೆಯಲ್ಲ. ಅದರ ವ್ಯಾಟ್ ಅಳೆಯುವುದು ಪ್ಯಾನಲ್ 25 ಡಿಗ್ರಿ ಇರುವಾಗ. ಅಲ್ಲಿಂದ ಮೇಲಕ್ಕೆ ಪ್ರತಿ ಡಿಗ್ರಿಗೆ ಶೇ 0.35ರಷ್ಟು ಸೋರುತ್ತದೆ. ರಾಯಚೂರಿನ ಬೇಸಿಗೆಯಲ್ಲಿ ಕಾದು ಕೆಂಡವಾಗುವ ಪ್ಯಾನಲ್‌ಗಿಂತ ಬಡವರ ಊಟಿ ಅನ್ನಿಸಿಕೊಂಡ ಹಾಸನದ ತಂಗಾಳಿಯಲ್ಲಿ ಕೂತ ಪ್ಯಾನಲ್ ಅದೇ ಬೆಳಕಿಗೆ ಒಂದಿಷ್ಟು ಜಾಸ್ತಿ ಕೊಡುತ್ತದೆ.

ಅಕ್ಕನ ಮನೆಗೆ ಮೂರು ಅಳತೆ ಹಾಕಿ ನೋಡಿದೆವು, ಊಟದ ಮೇಜಿನ ಮೇಲೆ, ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ. ಇಲ್ಲಿ ಒಂದು ನಿಯಮ ಗೊತ್ತಿರಬೇಕು. ನೆಟ್ ಮೀಟರ್‌ನಲ್ಲಿ ನೀವು ಹಗಲು ಲೈನಿಗೆ ಬಿಟ್ಟ ಯೂನಿಟ್ ರಾತ್ರಿ ಎಳೆದುಕೊಂಡ ಯೂನಿಟ್‌ಗೆ ವಜಾ ಆಗುತ್ತದೆ, ಒಂದಕ್ಕೊಂದು. ಆದರೆ ಆಯಾ ತಿಂಗಳ ಲೆಕ್ಕ ಆಯಾ ತಿಂಗಳಿಗೇ ಮುಗಿಯುತ್ತದೆ. ಮಾರ್ಚ್‌ನಲ್ಲಿ ಮಿಕ್ಕಿದ್ದನ್ನು ಉಪ್ಪಿನಕಾಯಿ ಥರ ಜುಲೈಗೆ ಎತ್ತಿಡಲು ಆಗುವುದಿಲ್ಲ. ಅದು ಆ ಎರಡೂವರೆ ರೂಪಾಯಿಗೆ ಹೋಗುತ್ತದೆ. ಜುಲೈನಲ್ಲಿ ಬೇಕಾದ್ದನ್ನು 6.70 ಕೊಟ್ಟು ತರಬೇಕು.

ಎರಡು ಕಿಲೋವ್ಯಾಟ್ ಹಾಕಿಸಿದರೆ ವರ್ಷಕ್ಕೆ 2,610 ಯೂನಿಟ್. ಯಾವ ತಿಂಗಳೂ 290 ದಾಟುವುದಿಲ್ಲ, ಅಷ್ಟೂ ಮನೆಗೇ ಸಲ್ಲುತ್ತದೆ. ಉಳಿತಾಯ 17,500. ಖರ್ಚು 1,40,000, ಸಬ್ಸಿಡಿ 60,000, ಕೈಯಿಂದ 80,000. ನಾಲ್ಕೂವರೆ ವರ್ಷಕ್ಕೆ ದುಡ್ಡು ಹುಟ್ಟಿತು.

ಮೂರು ಕಿಲೋವ್ಯಾಟ್‌ಗೆ 3,915 ಯೂನಿಟ್. ಅದರಲ್ಲಿ 3,315 ಮನೆಗೆ ಸಲ್ಲುತ್ತದೆ, 600 ಅಗ್ಗಕ್ಕೆ ಹೋಗುತ್ತದೆ. ವರ್ಷಕ್ಕೆ 23,700 ರೂಪಾಯಿ. ಎರಡು ಲಕ್ಷದಲ್ಲಿ 78,000 ಸಬ್ಸಿಡಿ ಕಳೆದರೆ 1,22,000. ಐದು ವರ್ಷ ಚಿಲ್ಲರೆ.

ಐದು ಕಿಲೋವ್ಯಾಟ್‌ಗೆ 6,525 ಯೂನಿಟ್. ಮನೆಗೆ ಬೇಕಾದ 3,480 ಪೂರ್ತಿ ಸಿಕ್ಕಿತು, ಉಳಿದ ಮೂರು ಸಾವಿರ ಯೂನಿಟ್ ಎರಡೂವರೆಯಂತೆ ಮಾರಾಟ. ವರ್ಷಕ್ಕೆ ಸುಮಾರು 31,000. ಖರ್ಚು 3,10,000, ಆದರೆ ಸಬ್ಸಿಡಿ ಅದೇ 78,000. ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000, ಅಲ್ಲಿಗೆ ಮುಗಿಯಿತು. ನಾಲ್ಕನೆಯದಕ್ಕೆ ಬಿಡಿಗಾಸಿಲ್ಲ. ಕೈಯಿಂದ 2,32,000, ಹುಟ್ಟಲು ಏಳೂವರೆ ವರ್ಷ.

ಭಾವನಿಗೆ ಏಳೂವರೆಯೂ ಪರವಾಗಿಲ್ಲ ಅನ್ನಿಸಿತು. "ಹೆಂಗಿದ್ರೂ ಇಪ್ಪತ್ತೈದು ವರ್ಷ ಬರುತ್ತಲ್ಲೋ." ಅಲ್ಲಿ ಕಣ್ಣಿಗೆ ಬೀಳದ್ದು ಇನ್ನೊಂದು ಲೆಕ್ಕ. ಮೂರರಿಂದ ಐದಕ್ಕೆ ಹೋಗಲು ಮೇಲೆ ಹಾಕುವ 1,10,000 ರೂಪಾಯಿ ತಾನು ದುಡಿದು ತರುವುದು ವರ್ಷಕ್ಕೆ ಏಳು ಸಾವಿರ ಚಿಲ್ಲರೆ. ಆ ಎರಡು ಕಿಲೋವ್ಯಾಟ್ ತನ್ನ ದುಡ್ಡು ತಾನು ತೀರಿಸಲು ಹದಿನೈದು ವರ್ಷ. ಮೊದಲಿನ ಮೂರು ಚೆನ್ನಾಗಿ ದುಡಿದು ಹಿಂದಿನ ಎರಡರ ಸೋಮಾರಿತನ ಮುಚ್ಚಿಹಾಕುತ್ತಿವೆ, ಅಷ್ಟೆ. ಸರಾಸರಿ ನೋಡಿದರೆ ಇದು ಕಾಣುವುದಿಲ್ಲ. ಒಂದೊಂದು ಕಿಲೋವ್ಯಾಟನ್ನೂ ಬೇರೆಬೇರೆಯಾಗಿ ಕೇಳಬೇಕು: ನೀನು ಎಷ್ಟು ತರ್ತೀಯ?

ಕೊನೆಗೆ ಮೂರಕ್ಕೆ ನಿಂತೆವು. ಎರಡೇ ಸಾಕಿತ್ತು ಅನ್ನುವುದು ಈಗಲೂ ನನ್ನ ಅಭಿಪ್ರಾಯ. ಆದರೆ ಅಕ್ಕನ ಮಗಳು ಎಲೆಕ್ಟ್ರಿಕ್ ಸ್ಕೂಟರ್ ಮಾತಾಡುತ್ತಿದ್ದಳು, ಅದಕ್ಕೆ ತಿಂಗಳಿಗೆ ಮೂವತ್ತು ನಲವತ್ತು ಯೂನಿಟ್ ಬೇಕು. ಸರಿ ಅಂದೆ.

ಖರ್ಚಿನ ಬಗ್ಗೆ ಎರಡು ಮಾತು. ಸಬ್ಸಿಡಿ ಬೇಕಾದರೆ ದೇಶದಲ್ಲೇ ತಯಾರಾದ ಸೆಲ್ ಇರುವ ಪ್ಯಾನಲ್ ಆಗಬೇಕು, ವ್ಯಾಪಾರಿಗಳ ಬಾಯಲ್ಲಿ ಡಿಸಿಆರ್ ಪ್ಯಾನಲ್. ಅದು ಸ್ವಲ್ಪ ದುಬಾರಿ. ಯಾರಾದರೂ ತೀರಾ ಅಗ್ಗದ ಕೊಟೇಶನ್ ಕೊಟ್ಟರೆ ಮೊದಲು ಅದನ್ನೇ ಕೇಳಿ. 2025ರ ಸೆಪ್ಟೆಂಬರ್ 22ರಿಂದ ಪ್ಯಾನಲ್ ಮೇಲಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಿದೆ, ಹಳೇ ತೆರಿಗೆಯ ಕೊಟೇಶನ್ ಹಿಡಿದು ಬಂದರೆ ವಾಪಸ್ ಕಳಿಸಿ. ಇನ್ವರ್ಟರ್ ಹತ್ತು ಹನ್ನೆರಡು ವರ್ಷಕ್ಕೊಮ್ಮೆ ಬದಲಾಯಿಸಬೇಕಾಗಬಹುದು, ಅದಕ್ಕೆ ಮೂವತ್ತು ನಲವತ್ತು ಸಾವಿರ ಎತ್ತಿಡಿ. ಪ್ಯಾನಲ್ ಕೂಡ ವರ್ಷಕ್ಕೆ ಶೇ ಅರ್ಧದಷ್ಟು ಮುಪ್ಪಾಗುತ್ತದೆ. ಸಾಲ ಮಾಡಿದರೆ ಬಡ್ಡಿಯನ್ನು ಖರ್ಚಿಗೆ ಸೇರಿಸಿ, ಐದು ವರ್ಷ ಆರಕ್ಕೆ ಹೋಗುತ್ತದೆ.

ಜಾಗ ಎಷ್ಟು ಬೇಕು ಅಂದರೆ, ಈಗಿನ 540 ವ್ಯಾಟ್ ಪ್ಯಾನಲ್ ಒಂದೊಂದೂ ಏಳೂವರೆ ಅಡಿ ಉದ್ದ, ಹತ್ತಿರ ನಾಲ್ಕು ಅಡಿ ಅಗಲ. ಮೂರು ಕಿಲೋವ್ಯಾಟ್‌ಗೆ ಆರು ಪ್ಯಾನಲ್. ಓಡಾಡುವ ಜಾಗ ಸೇರಿ ಮುನ್ನೂರು ಚದರಡಿ ಇದ್ದರೆ ಸಾಕು. ಜಾಗಕ್ಕಿಂತ ಕಾಡುವುದು ನೆರಳು. ಸಾಲಾಗಿ ಜೋಡಿಸಿದ ಪ್ಯಾನಲ್‌ಗಳಲ್ಲಿ ಒಂದರ ಮೇಲೆ ನೆರಳು ಬಿದ್ದರೂ ಇಡೀ ಸಾಲು ಸೊರಗಬಹುದು.

ಅಕ್ಕನ ತಾರಸಿಯ ದಕ್ಷಿಣಕ್ಕೆ ನೀರಿನ ಟ್ಯಾಂಕು, ಸುಮಾರು ಹತ್ತಡಿ ಎತ್ತರ. ನೋಡಲು ಬಂದವರು ಮೇ ತಿಂಗಳಲ್ಲಿ ಬಂದರು, ನೆರಳೇ ಇಲ್ಲ, ಟ್ಯಾಂಕಿನ ಪಕ್ಕದಲ್ಲೇ ಗುರುತು ಹಾಕಿದರು. ಇರುವುದಾದರೂ ಹೇಗೆ? ಹಾಸನ ಇರುವುದು 13 ಡಿಗ್ರಿ ಉತ್ತರದಲ್ಲಿ. ಏಪ್ರಿಲ್ ಕೊನೆಗೂ ಆಗಸ್ಟ್ ನಡುವಿಗೂ ಸೂರ್ಯ ನೆತ್ತಿಯ ಮೇಲೇ ಹಾಯುತ್ತಾನೆ. ಆ ನಡುವಿನ ತಿಂಗಳಲ್ಲಿ ನಮಗಿಂತ ಉತ್ತರಕ್ಕಿರುತ್ತಾನೆ, ಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಡಿಸೆಂಬರ್‌ನಲ್ಲಿ ಅದೇ ಸೂರ್ಯ ದಕ್ಷಿಣಕ್ಕೆ ವಾಲಿ, ನಡುಮಧ್ಯಾಹ್ನವೂ 54 ಡಿಗ್ರಿಗಿಂತ ಮೇಲೇಳುವುದಿಲ್ಲ. ಹತ್ತಡಿಯ ಟ್ಯಾಂಕು ಉತ್ತರಕ್ಕೆ ಏಳಡಿಗೂ ಮೀರಿ ನೆರಳು ಚಾಚುತ್ತದೆ, ಬೆಳಿಗ್ಗೆ ಸಂಜೆ ಇನ್ನೂ ಉದ್ದ. ಒಂದು ಟೇಪು ಹಿಡಿದು ಗುರುತನ್ನು ಹನ್ನೆರಡು ಅಡಿ ಉತ್ತರಕ್ಕೆ ಸರಿಸಿದೆ. ಪಕ್ಕದ ಸೈಟಿನ ಸಿಲ್ವರ್ ಓಕ್ ಮಾತ್ರ ಸರಿಸಲು ಆಗಲಿಲ್ಲ. ನಾಲ್ಕು ಗಂಟೆ ಮೇಲೆ ಅದರ ನೆರಳು ಬಂದೇ ಬರುತ್ತದೆ.

ಪ್ಯಾನಲ್‌ಗಳನ್ನು ದಕ್ಷಿಣಕ್ಕೆ ಮುಖ ಮಾಡಿ ಹತ್ತು ಹದಿನೈದು ಡಿಗ್ರಿ ವಾಲಿಸಿದರೆ ಸಾಕು. ತೀರಾ ಮಲಗಿಸಿದರೆ ನಮ್ಮ ಮಳೆಗೆ ಕೆಳಅಂಚಿನಲ್ಲಿ ನೀರು ನಿಂತು ಪಾಚಿ ಕಟ್ಟುತ್ತದೆ. ಅಕ್ಕನ ತಕರಾರು ಬೇರೆಯೇ ಇತ್ತು: "ಸಂಡಿಗೆ ಎಲ್ಲಿ ಹಾಕ್ಲೋ?" ಏಳಡಿ ಎತ್ತರದ ಕಂಬದ ಮೇಲೆ ಕೂರಿಸಿದರೆ ಕೆಳಗೆ ಓಡಾಡಬಹುದು, ಬಟ್ಟೆ ಒಣಹಾಕಬಹುದು. ಸಂಡಿಗೆಗೆ ಬಿಸಿಲು ಬೇಕು, ಅದಕ್ಕೆ ಪೂರ್ವದ ಮೂಲೆ ಬಿಟ್ಟೆವು. ಎತ್ತರದ ಕಂಬಿಗೆ ಖರ್ಚು ಜಾಸ್ತಿ, ಕೊಟೇಶನ್‌ನಲ್ಲಿ ಅದು ಸೇರಿದೆಯೇ ಅಂತ ಮೊದಲೇ ಬರೆಸಿಕೊಳ್ಳಿ. ಮಂಗಳೂರು ಹಂಚಿನ ಮನೆಯವರು ಹಂಚಿನ ಮೇಲೆ ಹತ್ತಿಸುವ ಬದಲು ಕಾಫಿ ಕಣದ ಪಕ್ಕವೋ ಕೊಟ್ಟಿಗೆಯ ಶೀಟಿನ ಮೇಲೋ ಜಾಗ ನೋಡುವುದು ಮೇಲು.

ಹಾಕಿಸಿದ ಮೊದಲ ಜೂನ್‌ನಲ್ಲಿ ಅಕ್ಕನ ಫೋನು. "ಏನೋ ಇದು, ಮೇಲೆ ಬಿಸಿಲು ಕಾಯ್ತಿದೆ, ಕೆಳಗೆ ಫ್ಯಾನ್ ತಿರುಗ್ತಿಲ್ಲ. ಕರೆಂಟ್ ಹೋದ್ರೆ ಸೋಲಾರೂ ಹೋಗುತ್ತಾ?" ಹೋಗುತ್ತದೆ. ಲೈನಿಗೆ ಜೋಡಿಸಿದ ಇನ್ವರ್ಟರ್ ಲೈನ್ ಸತ್ತ ಕೂಡಲೇ ತಾನೂ ನಿಲ್ಲಬೇಕು. ಇಲ್ಲದಿದ್ದರೆ ಕಂಬ ಹತ್ತಿ ತಂತಿ ಮುಟ್ಟಿದ ಲೈನ್‌ಮನ್‌ಗೆ ನಮ್ಮ ತಾರಸಿಯಿಂದ ಶಾಕ್ ಹೊಡೆಯುತ್ತದೆ. ಅದು ದೋಷವಲ್ಲ, ಸುರಕ್ಷತೆ. ಇದನ್ನು ಮೊದಲೇ ಹೇಳದೆ ಇದ್ದದ್ದು ನನ್ನ ತಪ್ಪು. ಕರೆಂಟ್ ಹೋದಾಗಲೂ ಬೇಕು ಅಂದರೆ ಬ್ಯಾಟರಿ ಇರುವ ಹೈಬ್ರಿಡ್ ಬೇಕು, ಖರ್ಚು ಲಕ್ಷದ ಲೆಕ್ಕದಲ್ಲಿ ಏರುತ್ತದೆ, ಮೇಲೆ ಹಾಕಿದ ಲೆಕ್ಕವೆಲ್ಲ ಅಡಿಮೇಲು. ಮನೆಯಲ್ಲಿರುವ ಹಳೇ ಯುಪಿಎಸ್ ಇಟ್ಟುಕೊಳ್ಳಿ ಸಾಕು. ಮಳೆಗಾಲದಲ್ಲಿ ಎರಡೆರಡು ದಿನ ಕರೆಂಟ್ ಬಾರದ ತೋಟದ ಮನೆಗಳ ಮಾತು ಬೇರೆ. ಅವರು ಬ್ಯಾಟರಿ ಹಾಕಿಸುವುದು ದುಡ್ಡು ಹುಟ್ಟಲಿ ಅಂತಲ್ಲ.

ಅರ್ಜಿಯೆಲ್ಲ ಪಿಎಂ ಸೂರ್ಯಘರ್ ಪೋರ್ಟಲ್‌ನಲ್ಲೇ. ಬಿಲ್ಲಿನ ಮೇಲಿರುವ ಗ್ರಾಹಕ ಸಂಖ್ಯೆ ಹಾಕಿ ನೋಂದಾಯಿಸಿ, ಪಟ್ಟಿಯಲ್ಲಿರುವ ವ್ಯಾಪಾರಿಯನ್ನೇ ಆರಿಸಿ. ಅವರು ಐದು ವರ್ಷ ನಿರ್ವಹಣೆ ಮಾಡಿಕೊಡಬೇಕು ಅನ್ನುವುದನ್ನು ಕರಾರಿನಲ್ಲಿ ನೋಡಿ. ಕೆಲಸ ಮುಗಿದು, ತಪಾಸಣೆಯಾಗಿ, ನೆಟ್ ಮೀಟರ್ ಕೂತ ಮೇಲೆ ಸಬ್ಸಿಡಿ ಖಾತೆಗೆ ಬರುತ್ತದೆ. ಅಂದರೆ ಮೊದಲು ಪೂರ್ತಿ ದುಡ್ಡು ನಿಮ್ಮದೇ, ಇಲ್ಲವೇ ಬ್ಯಾಂಕಿನದು. ಅಕ್ಕನ ಮನೆಯಲ್ಲಿ ತಡವಾಗಿದ್ದು ಇದ್ಯಾವುದಕ್ಕೂ ಅಲ್ಲ. ಮೀಟರ್ ಇನ್ನೂ ತೀರಿಹೋದ ಮಾವನವರ ಹೆಸರಲ್ಲಿತ್ತು. ಹೆಸರು ಬದಲಾಯಿಸಲು ಮರಣ ಪ್ರಮಾಣಪತ್ರ, ವಂಶವೃಕ್ಷ, ಖಾತೆ ಅಂತ ಓಡಾಡಿದ್ದರಲ್ಲೇ ಎರಡು ತಿಂಗಳು ಹೋಯಿತು. ನಿಮ್ಮ ಬಿಲ್ಲಿನ ಮೇಲೆ ಯಾರ ಹೆಸರಿದೆ, ಇವತ್ತೇ ನೋಡಿಟ್ಟುಕೊಳ್ಳಿ.